ಅನಂತಗಿರಿಯ ಕಾಡಂಗಳದಲ್ಲಿ ಎರಡು ದಿನ

ಕಲಬುರಗಿ, ಬೀದರ ಸೀಮೆಗಳಿಂದ ಹೈದರಾಬಾದಿಗೆ ಬಂದು ನೆಲೆಸಿದ ಕನ್ನಡಿಗರಲ್ಲಿ ವಿಕಾರಾಬಾದ್ ಜಂಕ್ಷನ್ನಿನ ಹೆಸರನ್ನು ಕೇಳದವರು ಇರಲಾರರು. ವಾಡಿಯ ಹಳಿಯೂ ಬೀದರದ ಹಳಿಯೂ ಕವಲೊಡೆಯುವುದು ಅಲ್ಲಿಯೇ. ಊರಿಗೆ ಹೋಗುವಾಗಲೊಮ್ಮೆ, ಮರಳಿ ಬರುವಾಗಲೊಮ್ಮೆ ಅದು ಕಿಟಕಿಯ ಹೊರಗೆ ಕಾಣಿಸಿಕೊಂಡು ಮರೆಯಾಗುತ್ತದೆ. ಆದರೆ ಅಲ್ಲಿ ಇಳಿದವರು ವಿರಳ. ನಿಲ್ದಾಣದಿಂದ ಐದಾರು ಕಿಲೋಮೀಟರು ದೂರದಲ್ಲಿಯೇ ಅನಂತಗಿರಿಯ ಬೆಟ್ಟಗಳಿವೆಯೆಂಬುದನ್ನೂ, ರಜೆಯ ಎರಡು ದಿನಗಳನ್ನು ಕಳೆಯಲು ಅಲ್ಲಿ ಬಿಡಾರಗಳುಂಟೆಂಬುದನ್ನೂ ಬಲ್ಲವರು ಇನ್ನೂ ವಿರಳ.

ಊಟಿ, ಮಡಿಕೇರಿಗಳ ಚಳಿಯನ್ನಾಗಲಿ, ಜೋಗದಂತಹ ಜಲಪಾತವನ್ನಾಗಲಿ ಅಲ್ಲಿ ಅರಸಬಾರದು. ಬೇಸಿಗೆಯಲ್ಲಿ ಎಲೆಯುದುರಿಸಿ ನಿಂತು, ಮಳೆ ಬಿದ್ದೊಡನೆ ಹಸುರೇರುವ ಒಣಗಾಡು ಅದು. ಪ್ರವಾಸೋದ್ಯಮ ಇಲಾಖೆಯ ವಸತಿಗೃಹವೊಂದು ಅಲ್ಲಿದೆ. ಸುತ್ತಲಿನ ಹಳ್ಳಿಗಳಲ್ಲಿ ಖಾಸಗಿಯವರು ಕಟ್ಟಿಸಿದ ಬಿಡಾರಗಳೂ ಇವೆ. ನಾವಿಲ್ಲಿ ಹೇಳಹೊರಟಿರುವುದು ಇವುಗಳಲ್ಲಿ ಅತ್ಯಂತ ಸರಳವಾದವುಗಳ ವಿಷಯ. ಒಂದೆರಡು ಕೋಣೆ, ಮುಂದೊಂದು ಜಗಲಿ, ಬಾಗಿಲೆದುರು ನಾಲ್ಕು ಮಾರು ಗುಡಿಸಿದ ನೆಲ. ಅದರಾಚೆಗೆ ಎಲ್ಲವೂ ಕಾಡಿನ ಪಾಲು: ಮೊಣಕಾಲೆತ್ತರದ ಹುಲ್ಲು, ತೆಲುಗರು ಬತುಕಮ್ಮ ಹಬ್ಬಕ್ಕೆ ಕೊಯ್ಯುವ ತಂಗಡಿಯ ಹಳದಿ ಹೂವು, ಯಾರೂ ನೆಡದ ಸೀತಾಫಲ, ಮುತ್ತುಗ, ಕಕ್ಕೆ, ಬೇವು.

ಇಂತಹ ಅಂಗಳವನ್ನು ಕಂಡೊಡನೆ “ಇಲ್ಲಿ ಮಾಲಿಯೇ ಇಲ್ಲವೆ?” ಎಂಬ ಪ್ರಶ್ನೆ ಬಾಯಿಗೆ ಬರುವುದು ಸಹಜ. ದಿನವೆಲ್ಲ ಮೇಜು ಒರೆಸುವ ಮಾಣಿಗೆ, ಗಲ್ಲಾದ ಮುಂದೆ ಕುಳಿತವನಿಗೆ, ಕಡತಗಳನ್ನು ಅಂಚಿಗೆ ಅಂಚು ಕೂಡಿಸಿ ಕಟ್ಟುವ ಗುಮಾಸ್ತನಿಗೆ ಗುಡಿಸದ ನೆಲವೆಂದರೆ ಯಾರದೋ ಸೋಮಾರಿತನವೆಂದೇ ತೋರುತ್ತದೆ. ಆದರೆ ಒಂದು ರಾತ್ರಿ ಅಲ್ಲಿ ಕಳೆದ ಮೇಲೆ ಈ ಅಭಿಪ್ರಾಯ ಸಡಿಲುತ್ತದೆ. ರೂಢಿಯ ಬಲದಿಂದ ಬೆಳಗಿನ ನಾಲ್ಕಕ್ಕೆ ಎಚ್ಚರವಾಗುತ್ತದೆ; ಒಲೆ ಹೊತ್ತಿಸಬೇಕಾಗಿಲ್ಲ, ಹಾಲಿನ ಕ್ಯಾನು ಇಳಿಸಬೇಕಾಗಿಲ್ಲ, ಕೂಗುವವರಾರೂ ಇಲ್ಲ. ಹೊರಗೆ ಜೀರುಂಡೆಯ ಸದ್ದು. ಮತ್ತೆ ಕಣ್ಣು ಮುಚ್ಚಿದರೆ ಬಿಸಿಲು ಜಗಲಿಗೇರಿದ ಮೇಲೆಯೇ ಎಚ್ಚರ.

ನಿದ್ರೆಗೂ ಈ ಬೆಟ್ಟಕ್ಕೂ ಹಳೆಯ ನಂಟುಂಟು. ಭಾಗವತದ ಮುಚುಕುಂದ ರಾಜನ ಕಥೆಯನ್ನು ವಾಚಕರು ಬಲ್ಲರು. ದೇವತೆಗಳ ಪರವಾಗಿ ಬಹುಕಾಲ ಯುದ್ಧ ಮಾಡಿ ದಣಿದ ಆತನು ಬೇಡಿದ ವರ ರಾಜ್ಯವಲ್ಲ, ಸಂಪತ್ತಲ್ಲ. ಯಾರೂ ಎಬ್ಬಿಸದ ನಿದ್ರೆ. ಆತನು ಮಲಗಿದ ಗುಹೆ ಅನಂತಗಿರಿಯಲ್ಲಿಯೇ ಇದ್ದಿತೆಂದು ಅಲ್ಲಿನ ಅನಂತಪದ್ಮನಾಭ ಸ್ವಾಮಿ ಕ್ಷೇತ್ರದ ಐತಿಹ್ಯ. ಬೆಟ್ಟದಲ್ಲಿ ಹುಟ್ಟುವ ಹೊಳೆಗೆ ಮುಚುಕುಂದಾ ಎಂದೇ ಹೆಸರು; ಅದೇ ನಮ್ಮ ನಗರದ ಮೂಸಿ. ದುಡಿದು ದಣಿದವನೊಬ್ಬನ ಹೆಸರನ್ನು ಹೊತ್ತ ನದಿಯ ದಡದಲ್ಲಿ ನಾವೆಲ್ಲರೂ ದುಡಿಯುತ್ತಿದ್ದೇವೆ.

ಹಿಂದೆ ಈ ಗಾಳಿಯನ್ನು ಔಷಧವೆಂದೇ ಎಣಿಸಲಾಗಿತ್ತು. ನಿಜಾಮರ ಆಳ್ವಿಕೆಯಲ್ಲಿ ಇಲ್ಲಿ ಕ್ಷಯರೋಗಿಗಳಿಗಾಗಿ ಆರೋಗ್ಯಧಾಮವನ್ನು ಕಟ್ಟಿಸಿದರು. ಆ ಕಾಲದಲ್ಲಿ ಕ್ಷಯಕ್ಕೆ ವಿಶ್ರಾಂತಿ, ಪೌಷ್ಟಿಕ ಆಹಾರ, ತೆರೆದ ಗಾಳಿ ಇವೇ ಮುಖ್ಯ ಚಿಕಿತ್ಸೆ. ಹೊಗೆಯ ಅಡುಗೆಮನೆಯಲ್ಲಿ ದುಡಿದು, ಕಿಟಕಿಯಿಲ್ಲದ ಕೋಣೆಯಲ್ಲಿ ಹತ್ತು ಜನ ಮಲಗುವವರಿಗೆ ಆ ರೋಗದ ಭಯವೆಂತಹುದೆಂಬುದನ್ನು ಹೇಳಬೇಕಾಗಿಲ್ಲ. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬಂದಿತು. ಮನೆಯಲ್ಲಿದ್ದು ಔಷಧ ಸೇವಿಸಿದವರೂ ಆರೋಗ್ಯಧಾಮದಲ್ಲಿದ್ದವರಷ್ಟೇ ಚೆನ್ನಾಗಿ ಗುಣ ಹೊಂದುವರೆಂದು ಮದ್ರಾಸಿನಲ್ಲಿ ನಡೆದ ಪ್ರಯೋಗವೊಂದು 1959ರಲ್ಲಿ ತೋರಿಸಿಕೊಟ್ಟಿತು. ಆದುದರಿಂದ ಕಾಡಿನ ಗಾಳಿ ರೋಗ ವಾಸಿಮಾಡುವುದೆಂದು ಯಾರೂ ಭ್ರಮಿಸಬೇಕಾಗಿಲ್ಲ. ಆದರೆ ವಿಶ್ರಾಂತಿ ರೋಗಿಗೆ ಮಾತ್ರವಲ್ಲ, ಆರೋಗ್ಯವಂತನಿಗೂ ಬೇಕು.

ಇನ್ನು ಆ ಅಂಗಳದ ಪೊದೆಗಳ ಮಾತು. ಅನಂತಗಿರಿಯ ನೆತ್ತಿಯ ಮೇಲಿರುವುದು ಕರಾವಳಿಯವರಿಗೆ ಚಿರಪರಿಚಿತವಾದ ಮುರಕಲ್ಲು. ಬೀದರದ ಕೋಟೆಯ ಕೆಂಪುಕಲ್ಲೂ ಇದೇ ಜಾತಿಯದು. ತೂತುತೂತಾದ ಈ ಕಲ್ಲು ಮಳೆಯ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಕೆಳಗಿನ ಕರಿಕಲ್ಲು ಆ ನೀರನ್ನು ತಡೆಯುತ್ತದೆ. ಎರಡೂ ಕೂಡುವ ಎಡೆಯಲ್ಲಿ ಒರತೆ ಹೊರಡುತ್ತದೆ. ಬೀದರದ ಹಿರಿಯರು ಈ ಮರ್ಮವನ್ನರಿತೇ ನೆಲದಡಿ ಸುರಂಗಗಳನ್ನು ಕೊರೆದು ನೀರು ತಂದರು. ಆದರೆ ಮಳೆಯ ನೀರು ಕಲ್ಲಿನೊಳಗೆ ಇಳಿಯಬೇಕಾದರೆ ಮೊದಲು ನಿಲ್ಲಬೇಕು. ಅದನ್ನು ನಿಲ್ಲಿಸುವುದು ಕಸವೆಂದು ನಾವು ಹಳಿಯುವ ಆ ತರಗೆಲೆ, ಹುಲ್ಲು, ಬೇರುಗಳೇ. ನೆಲವನ್ನು ಬೋಳಿಸಿ ಗಾರೆ ಬಳಿದರೆ ಅದೇ ನೀರು ಒಂದೇ ಗಳಿಗೆಯಲ್ಲಿ ಹರಿದುಹೋಗುತ್ತದೆ.

ವಿಕಾರಾಬಾದಿನ ಈ ಬೆಟ್ಟಸೀಮೆಯ ನೀರು ಎರಡು ದಿಕ್ಕಿಗೆ ಹರಿಯುತ್ತದೆ. ಮೂಡಲಿಗೆ ಹರಿದುದು ಮೂಸಿ. ಪಡುವಲಿಗೆ ಹರಿದುದು ಕಾಗಿಣಾ. ತಾಂಡೂರಿನ ಮೇಲಿಂದ ಸಾಗಿ, ನೃಪತುಂಗನ ರಾಜಧಾನಿಯಾಗಿದ್ದ ಮಳಖೇಡದ ಕೋಟೆಯ ಬುಡವನ್ನು ತೊಳೆದು ಭೀಮೆಯನ್ನು ಸೇರುತ್ತದೆ. ನಾವು ಬಿಟ್ಟುಬಂದ ನಾಡಿಗೂ ಅನ್ನವನ್ನರಸಿ ಬಂದ ನಗರಕ್ಕೂ ಒಂದೇ ಸೀಮೆಯ ಕಾಡು ನೀರೆರೆಯುತ್ತಿದೆಯೆಂಬುದು ಸಣ್ಣ ಮಾತಲ್ಲ.

ಆ ನೀರು ಮಿತಿಮೀರಿದರೆ ಏನಾಗುವುದೆಂಬುದನ್ನು ನಗರವು 1908ರ ಸೆಪ್ಟೆಂಬರ್ 28ರಂದು ಕಂಡಿತು. ಮೂಸಿಯ ಪ್ರವಾಹದಲ್ಲಿ ಸುಮಾರು 15,000 ಜನ ಮಡಿದರೆಂದು ಅಂದಾಜು. ಅಫ್ಜಲ್‌ಗಂಜಿನ ಹುಣಸೆಯ ಮರವೊಂದನ್ನೇರಿ ನೂರೈವತ್ತರಷ್ಟು ಜನ ಬದುಕಿದರೆಂದು ಇಂದಿಗೂ ಸ್ಮರಿಸುತ್ತಾರೆ. ಮರುವರ್ಷ ಬಂದ ನಮ್ಮವರೇ ಆದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ನಗರದ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಬೇಕೆಂದು ಸಲಹೆಯಿತ್ತರು. ಉಸ್ಮಾನ್ ಸಾಗರ 1920ರಲ್ಲಿಯೂ ಹಿಮಾಯತ್ ಸಾಗರ 1927ರಲ್ಲಿಯೂ ಸಿದ್ಧವಾದವು. ಇಂದು ನಗರದ ಬಹುಪಾಲು ನೀರು ಕೃಷ್ಣಾ, ಗೋದಾವರಿ, ಮಂಜೀರಾ ನದಿಗಳಿಂದ ಬರುತ್ತಿದ್ದರೂ ಆ ಎರಡು ಕೆರೆಗಳು ನಮ್ಮ ಕಾವಲುಗಾರರಾಗಿಯೇ ಉಳಿದಿವೆ. ಆ ಕಾವಲಿಗೆ ಮೇಲಿನಿಂದ ನೆರವಾಗುವುದು ಮಳೆಯನ್ನು ತಡೆದು ಮೆಲ್ಲನೆ ಬಿಡುವ ಕಾಡು.

ಆ ಕಾಡು ಕಿರಿದಾಗುತ್ತಿದೆ. ವಿಕಾರಾಬಾದ್ ಜಿಲ್ಲೆಯ ದಾಮಗುಂಡಂ ಅರಣ್ಯದಲ್ಲಿ ನೌಕಾಪಡೆಯ ರೇಡಿಯೋ ಕೇಂದ್ರಕ್ಕೆ 2024ರ ಅಕ್ಟೋಬರ್ 15ರಂದು ಶಂಕುಸ್ಥಾಪನೆಯಾಯಿತು. ಅದಕ್ಕಾಗಿ ಸುಮಾರು 2,900 ಎಕರೆ ಭೂಮಿ ಹಸ್ತಾಂತರಗೊಂಡಿದೆ. ದೇಶರಕ್ಷಣೆಯ ಅಗತ್ಯವನ್ನು ಅಲ್ಲಗಳೆಯುವಂತಿಲ್ಲ; ಮೂಸಿಯ ತವರನ್ನು ಕುರಿತು ಅಲ್ಲಿನ ಜನ ಎತ್ತಿದ ಆತಂಕವನ್ನೂ ಅಲ್ಲಗಳೆಯುವಂತಿಲ್ಲ. ಅದು ಸರಕಾರಗಳ ಮಟ್ಟದ ಪ್ರಶ್ನೆ. ಆದರೆ ಬಿಡಾರದ ಅಂಗಳದ ಪ್ರಶ್ನೆ ನಮ್ಮ ಮಟ್ಟದ್ದೇ. ಈಜುಕೊಳವೆಲ್ಲಿ, ನುಣುಪಾದ ಹುಲ್ಲುಹಾಸೆಲ್ಲಿ ಎಂದು ಅತಿಥಿಗಳು ಕೇಳತೊಡಗಿದರೆ ಬಿಡಾರದ ಯಜಮಾನನು ಪೊದೆಗಳನ್ನು ಸವರಿಸುತ್ತಾನೆ, ನೆಲಕ್ಕೆ ಕಲ್ಲು ಹಾಸುತ್ತಾನೆ. ಗಿರಾಕಿ ಬೇಡಿದುದನ್ನೇ ಹೋಟೆಲು ಬಡಿಸುತ್ತದೆಯೆಂಬ ಸತ್ಯವನ್ನು ನಮ್ಮ ವಾಚಕರಿಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ.

ಹಾಗೆಂದು ಬೆಳೆದುದೆಲ್ಲ ಒಳ್ಳೆಯದೆಂದಲ್ಲ. ಹೊರದೇಶದಿಂದ ಬಂದ ಲಂಟಾನ ನಾಡಿನ ಗಿಡಗಳನ್ನು ಮುಚ್ಚಿ ಕೊಲ್ಲುತ್ತದೆ. ಅದನ್ನು ಕಿತ್ತರೆ ಪುಣ್ಯ. ಹುಲ್ಲಿನಲ್ಲಿ ಹಾವುಂಟು, ಕತ್ತಲಾದ ಮೇಲೆ ಬ್ಯಾಟರಿ ದೀಪ, ಕಾಲಿಗೆ ಮುಚ್ಚಿದ ಜೋಡು ಇರಲೇಬೇಕು. ಕಲ್ಲಿನ ಸಂದಿಗೆ ಕೈ ಹಾಕಬಾರದು. ಬೇಸಿಗೆಯಲ್ಲಿ ಬೀಡಿಯ ಒಂದು ತುಂಡು ಗುಡ್ಡವನ್ನೇ ಸುಡಬಲ್ಲುದು. ಹೋಗಲು ಯೋಗ್ಯವಾದ ಕಾಲ ಮಳೆ ತಗ್ಗಿದ ಮೇಲೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಸೀತಾಫಲವೂ ಹಣ್ಣಾಗಿರುತ್ತದೆ. ಒಬ್ಬೊಬ್ಬರೇ ಹೋಗುವುದಕ್ಕಿಂತ ನಾಲ್ವರು ಕೂಡಿ ಹೋದರೆ ಖರ್ಚೂ ಹಗುರ, ಅಡುಗೆಯೂ ಸುಲಭ. ಅಡುಗೆ ಬಲ್ಲವರಿಗೆ ನಮ್ಮಲ್ಲಿ ಕೊರತೆಯಿಲ್ಲವಷ್ಟೆ.

ಮುಂದಿನ ಸಲ ಎರಡು ದಿನ ರಜೆ ಕೂಡಿಬಂದಾಗ ವಿಕಾರಾಬಾದಿನಲ್ಲಿ ಇಳಿಯಿರಿ. ಬಿಡಾರವನ್ನು ಗೊತ್ತುಮಾಡುವಾಗ ಅಂಗಳದಲ್ಲಿ ಗಿಡ ಬೆಳೆದಿದೆಯೇ ಎಂದು ಕೇಳಿರಿ. ಬೆಳೆದಿದೆಯೆಂದರೆ ಅದನ್ನೇ ಆರಿಸಿಕೊಳ್ಳಿರಿ.