ಕಾಯಿಸುವಷ್ಟರಲ್ಲೇ ಮಾಯವಾಗುವ ಓಝೋನ್

ಬೀದರ್, ಹುಮನಾಬಾದ್ ಕಡೆಯಿಂದ ಹೈದರಾಬಾದಿಗೆ ಹೊರಟವರಿಗೆ ಮಿಯಾಪುರವೇ ಊರಿನ ಹೆಬ್ಬಾಗಿಲು. ಅಲ್ಲಿನ ಅಪಾರ್ಟ್‌ಮೆಂಟುಗಳ ಮೆಟ್ಟಿಲ ಬಳಿ 20 ಲೀಟರಿನ ನೀರಿನ ಕ್ಯಾನುಗಳು ಸಾಲಾಗಿ ಕೂತಿರುತ್ತವೆ. ಇಂಥ ಕ್ಯಾನು, ಬಾಟಲಿಗಳ ಲೇಬಲ್ಲಿನ ಮೇಲೆ ಎಷ್ಟೋ ಸಲ ‘ಓಝೋನೈಸ್ಡ್’ ಎಂದು ಅಚ್ಚಾಗಿರುತ್ತದೆ. ಓಝೋನ್ ಹಾಯಿಸಿ ಕ್ರಿಮಿ ಕೊಂದ ನೀರು ಎಂದರ್ಥ.

ಕುಡಿಯುವ ಹೊತ್ತಿಗೆ ಮಾತ್ರ ಅದರಲ್ಲಿ ಓಝೋನ್ ಉಳಿದಿರುವುದಿಲ್ಲ. 20 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಅದರ ಅರ್ಧಪಾಲು ಸುಮಾರು 20 ನಿಮಿಷದಲ್ಲಿ ಆಮ್ಲಜನಕವಾಗಿಬಿಡುತ್ತದೆ. 30 ಡಿಗ್ರಿಗೆ 12 ನಿಮಿಷ ಸಾಕು. ಅನಿಲರೂಪದಲ್ಲಿ ಸ್ವಲ್ಪ ಗಟ್ಟಿ. ಕೈಪಿಡಿಗಳು ಕೊಡುವ ಅಂದಾಜಿನಂತೆ 20 ಡಿಗ್ರಿಯಲ್ಲಿ ಅರ್ಧಾಯುಸ್ಸು 3 ದಿನ, 120 ಡಿಗ್ರಿಯಲ್ಲಿ ಒಂದೂವರೆ ಗಂಟೆ, 250 ಡಿಗ್ರಿಯಲ್ಲಿ ಒಂದೂವರೆ ಸೆಕೆಂಡು. ಅದಕ್ಕೂ ಮೇಲೆ? ಒಲೆಯಲ್ಲಿಟ್ಟು 500 ಡಿಗ್ರಿಗೆ ಕಾಯಿಸಹೊರಟರೆ, ಪಾತ್ರೆ ಕಾಯುವ ಮೊದಲೇ ಅಳೆಯಬೇಕಾದ ಓಝೋನೇ ಖಾಲಿ. ಈ ಪೇಚಿನಿಂದ ಪಾರಾಗಲು ವಿಜ್ಞಾನಿಗಳಿಗೆ ಒಂದು ಶತಮಾನವೇ ಬೇಕಾಯಿತು.

ಬಾಸೆಲ್ ನಗರದ ಷೋನ್‌ಬೈನ್ ಈ ಅನಿಲವನ್ನು ವಾಸನೆಯಿಂದ ಗುರುತು ಹಿಡಿದದ್ದು 1839ರಲ್ಲಿ. ಬಿಸಿ ಮಾಡಿದರೆ ಇದು ಮಾಮೂಲಿ ಆಮ್ಲಜನಕವಾಗುತ್ತದೆ ಎಂಬುದನ್ನು 1850ರ ದಶಕದಲ್ಲಿ ಬೆಲ್‌ಫಾಸ್ಟಿನ ಥಾಮಸ್ ಆಂಡ್ರೂಸ್ ತೋರಿಸಿದರು. 1906ರಲ್ಲಿ ಯಾನ್ ಎಂಬ ರಸಾಯನಶಾಸ್ತ್ರಜ್ಞ ಒಡೆಯುವ ಬಗೆಯನ್ನೇ ಬಿಡಿಸಿಟ್ಟರು. ಮೊದಲು ಓಝೋನ್ ಅಣುವಿನಿಂದ ಒಂದು ಪರಮಾಣು ಕಳಚಿಕೊಳ್ಳುತ್ತದೆ. ಆ ಒಂಟಿ ಪರಮಾಣು ಇನ್ನೊಂದು ಓಝೋನಿಗೆ ಡಿಕ್ಕಿ ಹೊಡೆದು ಅದನ್ನೂ ಒಡೆಯುತ್ತದೆ. ವಿವರಣೆ ಸರಿಯೇ ಇತ್ತು. ಅಂಕಿಗಳು ಮಾತ್ರ ಒಬ್ಬರದು ಒಬ್ಬರಿಗೆ ಹೊಂದುತ್ತಿರಲಿಲ್ಲ. ಗಾಜಿನ ಗೋಡೆ, ಒಂದಿಷ್ಟು ಧೂಳು, ಎಣ್ಣೆಯ ಆವಿ, ಯಾವುದಾದರೂ ಸರಿ, ಓಝೋನನ್ನು ತಿಂದುಹಾಕುತ್ತಿತ್ತು. ಅಳೆಯುತ್ತಿದ್ದದ್ದು ಅನಿಲವನ್ನೋ ಪಾತ್ರೆಯನ್ನೋ ಎಂದು ಅನುಮಾನಿಸುವಂತಿತ್ತು. ಸಾಂದ್ರತೆ ಹೆಚ್ಚಿದರೆ ಸಿಡಿಯುವ ಭಯ ಬೇರೆ. 1957ರಲ್ಲಿ ಬೆನ್ಸನ್ ಮತ್ತು ಆಕ್ಸ್‌ವರ್ದಿ ಹಳೆಯ ಅಳತೆಗಳನ್ನೂ ತಮ್ಮವನ್ನೂ ಜರಡಿ ಹಿಡಿದ ಮೇಲೆ ಕಡಿಮೆ ಶಾಖದ ಲೆಕ್ಕ ಒಂದು ದಾರಿಗೆ ಬಂತು.

ಹೆಚ್ಚಿನ ಶಾಖದ ಬಾಗಿಲು ತೆರೆದದ್ದು ಶಾಕ್ ಟ್ಯೂಬ್. ಇದರ ಮೂಲ ಫ್ರಾನ್ಸಿನ ಮದ್ದುಗುಂಡಿನ ತಜ್ಞ ಪಾಲ್ ವಿಯೆಯ್ 1899ರಲ್ಲಿ ಮಾಡಿದ ಕೊಳವೆ. ಉದ್ದನೆಯ ಪೈಪು, ನಡುವೆ ತೆಳು ತಗಡಿನ ಪರದೆ. ಒಂದು ಕಡೆ ಒತ್ತಡದ ಹೀಲಿಯಂ, ಇನ್ನೊಂದು ಕಡೆ ಆರ್ಗಾನಿನಂಥ ಜಡ ಅನಿಲದಲ್ಲಿ ಬೆರೆಸಿದ ಚೂರು ಓಝೋನ್. ಒತ್ತಡ ಮಿತಿ ಮೀರಿದಾಗ, ಮೊದಲೇ ಅಡ್ಡ-ಉದ್ದ ಗೀರಿದ ಅಲ್ಯೂಮಿನಿಯಂ ಪರದೆ ನಾಲ್ಕು ಎಸಳಾಗಿ ಬಿಚ್ಚಿಕೊಳ್ಳುತ್ತದೆ. ಆಘಾತ ತರಂಗ ನುಗ್ಗಿ, ಅನಿಲವನ್ನು ಕಣ್ಣೆವೆ ಮುಚ್ಚುವುದಕ್ಕಿಂತ ಸಾವಿರಾರು ಪಟ್ಟು ಬೇಗ ಕಾಯಿಸುತ್ತದೆ. ಗೋಡೆಯ ಕಿತಾಪತಿಗೆ ಸಮಯವೇ ಸಿಗದು. ಥರ್ಮಾಮೀಟರೂ ಬೇಡ, ತರಂಗದ ವೇಗ ಗೊತ್ತಾದರೆ ಶಾಖವನ್ನು ಲೆಕ್ಕ ಹಾಕಬಹುದು. ಓಝೋನ್ 254 ನ್ಯಾನೊಮೀಟರ್ ಆಸುಪಾಸಿನ ನೇರಳಾತೀತ ಬೆಳಕನ್ನು ಚೆನ್ನಾಗಿ ಹೀರುವುದರಿಂದ, ಕಿಟಕಿಯಿಂದ ಹಾಯಿಸಿದ ಬೆಳಕು ಎಷ್ಟು ಬೇಗ ಪ್ರಖರವಾಗುತ್ತದೆ ಎಂದು ನೋಡಿದರೆ ಒಡೆಯುವ ವೇಗ ಕೈಗೆ ಸಿಗುತ್ತದೆ. ಜೋನ್ಸ್ ಮತ್ತು ಡೇವಿಡ್‌ಸನ್ ಶಾಕ್ ಟ್ಯೂಬಿನಲ್ಲಿ ಮಾಡಿದ ಓಝೋನ್ ಅಳತೆ 1962ರಲ್ಲಿ ಪ್ರಕಟವಾಯಿತು.

ಮುಂದೆ ಓಝೋನಿನ ಚಿಂತೆ ಆಕಾಶಕ್ಕೇರಿತು. 1987ರ ಮಾರ್ಚಿನಲ್ಲಿ ಹೈದರಾಬಾದಿನ ಬಲೂನು ಕೇಂದ್ರದಿಂದ ಹಾರಿಸಿದ ಬಲೂನು ವಾಯುಮಂಡಲದ ಎತ್ತರದ ಗಾಳಿಯನ್ನು ಹಿಡಿದು ತಂದಿತು. ಓಝೋನಿಗೆ ಕಂಟಕವಾದ ಕ್ಲೋರೊಫ್ಲೋರೊಕಾರ್ಬನ್‌ಗಳನ್ನು ಅದರಲ್ಲಿ ಅಳೆದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವುಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದ. ಕ್ಲೋರಿನ್, ಫ್ಲೋರಿನ್ ಹೊತ್ತ ಅಣುಗಳು ಶಾಖಕ್ಕೆ ಹೇಗೆ ಒಡೆಯುತ್ತವೆ ಎಂಬುದು ಆಗ ಬರೀ ಪಠ್ಯದ ಪ್ರಶ್ನೆಯಾಗಿ ಉಳಿಯಲಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಈ ಕಥೆಗೆ ಸೇರಿಕೊಳ್ಳುವುದು ಇಲ್ಲೇ. ರಸಾಯನಶಾಸ್ತ್ರದ ಇ. ಅರುಣನ್, ವೈಮಾಂತರಿಕ್ಷ ವಿಭಾಗದ ಕೆ.ಪಿ.ಜೆ. ರೆಡ್ಡಿ, ಬಿ. ರಾಜಕುಮಾರ್ ಸೇರಿ ಶಾಕ್ ಟ್ಯೂಬಿನಲ್ಲಿ ಡೈಕ್ಲೋರೊಈಥೇನ್ ಒಡೆಯುವ ವೇಗವನ್ನು ಅಳೆದು 2002ರಲ್ಲಿ ಪ್ರಕಟಿಸಿದರು. ಶಾಖ 780ರಿಂದ 900 ಡಿಗ್ರಿ ಆಸುಪಾಸು. ಮರುವರ್ಷ ಫ್ಲೋರೊಎಥನಾಲ್ ಸರದಿ. ಅಲ್ಲಿ ಅಳೆದದ್ದು ಓಝೋನನ್ನಲ್ಲ, ನಿಜ. ಆದರೆ ಉಪಾಯ ಅದೇ.

ಇದಕ್ಕಿಂತ ನನಗೆ ಮೆಚ್ಚುಗೆಯಾದದ್ದು ರೆಡ್ಡಿಯವರು 2013ರಲ್ಲಿ ವಿವರಿಸಿದ ಪುಟ್ಟ ಕೊಳವೆ. ಇದಕ್ಕೆ ಸಿಲಿಂಡರ್ ಬೇಡ, ಕಂಪ್ರೆಸರ್ ಬೇಡ. ಪಿಸ್ಟನ್ನನ್ನು ಕೈಯಲ್ಲೇ ತಳ್ಳಿದರೆ ಪರದೆ ಹರಿದು ತರಂಗ ಹೊರಡುತ್ತದೆ. ಶಬ್ದದ ಎರಡು ಪಟ್ಟು ವೇಗದ ತರಂಗ 30 ಡಿಗ್ರಿಯ ಗಾಳಿಯನ್ನು ಸುಮಾರು 240 ಡಿಗ್ರಿಗೆ ಏರಿಸುತ್ತದೆ. ಕೊಳವೆಯ ತುದಿಗೆ ಬಡಿದು ಮರಳುವಾಗ ಸುಮಾರು 480ಕ್ಕೆ. ಓಝೋನ್ ಕ್ಷಣಾರ್ಧದಲ್ಲಿ ಒಡೆಯುವ ಶಾಖ ಇದೇ. ಅನಿಲ ವಿಷಕಾರಿ, ಎಚ್ಚರಿಕೆ ಬೇಕು ಅನ್ನುವುದು ಬೇರೆ ಮಾತು. ಬೀದರ್, ಕಲಬುರಗಿಯ ಪದವಿ ಕಾಲೇಜುಗಳು ಮೊದಲು ಬರೀ ಗಾಳಿ ತುಂಬಿಸಿಯಾದರೂ ಇಂಥದೊಂದು ಕೊಳವೆಯನ್ನು ಪ್ರಯೋಗಶಾಲೆಯ ಮೇಜಿಗೆ ತರಲಿ.