ಗಾಜಿನ ಮೇಲಣ ಆಕಾಶ

ಅಥಣಿ ತಾಲ್ಲೂಕಿನ ಮೂಡಣ ಅಂಚಿನಲ್ಲಿ, ವಿಜಯಪುರ ಸೀಮೆಗೆ ಸಮೀಪವಾಗಿರುವ ತೆಲಸಂಗದಂಥ ಊರಿನಲ್ಲಿ ಮದುವೆಯ ಹಂಗಾಮು ಬಂದಿತೆಂದರೆ, ಹಂದರ ಹಾಕುವವರಿಗೂ ಅಡುಗೆಯವರಿಗೂ ಇರುವಷ್ಟೇ ಧಾವಂತ ವಿಡಿಯೋ ತೆಗೆಯುವವರಿಗೂ ಇರುತ್ತದೆ. ಅಕ್ಷತೆಯನ್ನೂ ಆರತಿಯನ್ನೂ ಊಟದ ಪಂಕ್ತಿಯನ್ನೂ ನಿರಾಯಾಸವಾಗಿ ಸೆರೆಹಿಡಿದ ಕ್ಯಾಮೆರಾ, ಹೂವಿನಿಂದ ಅಲಂಕೃತವಾದ ಕಾರಿನ ಮುಂದೆ ಬಂದು ನಿಂತೊಡನೆ ತಬ್ಬಿಬ್ಬಾಗುತ್ತದೆ. ಒಳಗೆ ಬಾಸಿಂಗ ಕಟ್ಟಿಕೊಂಡ ವಧೂವರರು ಕುಳಿತಿದ್ದರೆ, ಪರದೆಯಲ್ಲಿ ಕಾಣುವುದು ಬಯಲುಸೀಮೆಯ ಬೆಳ್ಳನೆಯ ಆಕಾಶ, ಬೇವಿನ ಮರದ ಒಂದು ಕೊಂಬೆ, ಅದರಡಿಯಲ್ಲಿ ಹಾದುಹೋದ ಕರೆಂಟಿನ ತಂತಿ. "ಗ್ಲೇರ್ ಹೊಡ್ಯಾಕತ್ತೈತಿ" ಎಂದು ಸ್ಟುಡಿಯೋದವರು ಗೊಣಗುವುದು ಈ ಉಪದ್ರವವನ್ನೇ. ಇದಕ್ಕೆ ಅವರ ಚೀಲದಲ್ಲಿರುವ ಮದ್ದು, ಲೆನ್ಸಿನ ಮುಂದೆ ತಿರುಗಿಸಿ ಕೂರಿಸುವ ಬೂದುಬಣ್ಣದ ಒಂದು ದುಂಡು ಬಿಲ್ಲೆ. ಪೋಲರೈಸರ್ ಎಂದೂ, ಸಂಕ್ಷೇಪವಾಗಿ ಸಿಪಿಎಲ್ ಎಂದೂ ಅದನ್ನು ಕರೆಯುತ್ತಾರೆ. ಅಂಗಡಿಯವರು ಇದನ್ನು ಮಂತ್ರದಂಡವೆಂಬಂತೆ ವರ್ಣಿಸಿ ಮಾರುವುದುಂಟು. ವಾಸ್ತವವಾಗಿ ಇದು ಎಲ್ಲಿ ನಿಲ್ಲಬೇಕೆಂಬುದನ್ನು ಬಲ್ಲವನಿಗೆ ಮಾತ್ರ ಒಲಿಯುವ ಉಪಕರಣ.

ಬೆಳಕೆಂಬುದು ತಾನು ಸಾಗುವ ದಿಕ್ಕಿಗೆ ಅಡ್ಡಲಾಗಿ ಕಂಪಿಸುವ ಅಲೆ. ಸೂರ್ಯನಿಂದಾಗಲಿ ದೀಪದಿಂದಾಗಲಿ ನೇರವಾಗಿ ಬರುವ ಬೆಳಕಿನಲ್ಲಿ ಈ ಕಂಪನಕ್ಕೆ ನಿಯತವಾದ ಒಂದು ಪಾರ್ಶ್ವವಿಲ್ಲ. ಎಲ್ಲ ಪಾರ್ಶ್ವಗಳಲ್ಲಿಯೂ ಅದು ಸಮನಾಗಿ ಹಂಚಿಹೋಗಿರುತ್ತದೆ. ಅದೇ ಬೆಳಕು ಗಾಜಿನ ಮೇಲೆ ಓರೆಯಾಗಿ ಬಿದ್ದು ಹಿಂದಕ್ಕೆ ಚಿಮ್ಮುವಾಗ, ಗಾಜಿನ ಮೈಗೆ ಸಮಾಂತರವಾದ ಕಂಪನವೇ ಹೆಚ್ಚಾಗಿ ಮರಳಿ, ಉಳಿದುದರ ಬಹುಭಾಗ ಗಾಜನ್ನು ಹೊಕ್ಕುಹೋಗುತ್ತದೆ. ಒಂದು ವಿಶಿಷ್ಟ ಕೋನದಲ್ಲಿ, ಎಂದರೆ ಗಾಜಿಗೆ ಲಂಬವಾಗಿ ಎಳೆದ ರೇಖೆಯಿಂದ ಸುಮಾರು 56 ಡಿಗ್ರಿಯಷ್ಟು ಓರೆಯಾದಾಗ, ಮರಳಿಬರುವ ಬೆಳಕೆಲ್ಲ ಏಕಪಾರ್ಶ್ವದ್ದೇ ಆಗಿರುತ್ತದೆ. ಪೋಲರೈಸರಿನ ಗುಣವಾದರೋ ಒಂದೇ ಪಾರ್ಶ್ವದ ಕಂಪನವನ್ನು ಬಿಟ್ಟುಕೊಟ್ಟು ಅದಕ್ಕೆ ಅಡ್ಡವಾದುದನ್ನು ನುಂಗುವುದು. ಆದ್ದರಿಂದ ಬಿಲ್ಲೆಯನ್ನು ತಕ್ಕಂತೆ ತಿರುಗಿಸಿದರೆ ಪ್ರತಿಬಿಂಬ ನಂದಿ, ಗಾಜಿನ ಆಚೆಯಿಂದ ಬಂದ ಬೆಳಕು ಮಾತ್ರ ಉಳಿಯುತ್ತದೆ. 1808ರಲ್ಲಿ ಪ್ಯಾರಿಸಿನ ಎತಿಯೆನ್ ಲೂಯಿ ಮಾಲಸ್ ಎಂಬ ಎಂಜಿನಿಯರು, ಲಕ್ಸೆಂಬರ್ಗ್ ಅರಮನೆಯ ಕಿಟಕಿಗಳಲ್ಲಿ ಹೊಳೆಯುತ್ತಿದ್ದ ಸಂಜೆಸೂರ್ಯನನ್ನು ಐಸ್‌ಲ್ಯಾಂಡಿನ ಸ್ಫಟಿಕವೊಂದರ ಮೂಲಕ ನೋಡುತ್ತ, ಸ್ಫಟಿಕವನ್ನು ತಿರುಗಿಸಿದಂತೆಲ್ಲ ಜೋಡಿಬಿಂಬಗಳು ಸರದಿಯಲ್ಲಿ ಮಂಕಾಗುವುದನ್ನು ಕಂಡು ಈ ಸಂಗತಿಯನ್ನು ಹೊರಗೆಡಹಿದನು. ಕೋನದ ಲೆಕ್ಕವನ್ನು ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರನು 1815ರಲ್ಲಿ ನಿಯಮವಾಗಿ ಕಟ್ಟಿಕೊಟ್ಟನು.

ಈ 56 ಡಿಗ್ರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮದುವೆಯ ಕಾರಿನ ಕಡೆಗೆ ಮರಳೋಣ. ಇಂದಿನ ಕಾರುಗಳ ಮುಂಗಾಜು ಬಹಳ ವಾಲಿಕೊಂಡಿರುತ್ತದೆ. ನೆಲಮಟ್ಟಕ್ಕೆ ಅದು ಸುಮಾರು 30 ಡಿಗ್ರಿಯ ಓರೆಯಲ್ಲಿದೆಯೆಂದು ಇಟ್ಟುಕೊಂಡರೆ, ಕಾರಿನ ಎದುರಿಗೆ ನೆಟ್ಟಗೆ ನಿಂತವನ ದೃಷ್ಟಿರೇಖೆ ಗಾಜಿನ ಲಂಬದಿಂದ 60 ಡಿಗ್ರಿಯಷ್ಟಾಗಿ, ಬ್ರೂಸ್ಟರನ ಕೋನವನ್ನು ಹೆಚ್ಚುಕಡಿಮೆ ತಾನಾಗಿಯೇ ಮುಟ್ಟುತ್ತದೆ. ಆದುದರಿಂದ ಇಲ್ಲಿ ಫಿಲ್ಟರು ತನ್ನ ಪೂರ್ಣ ಸಾಮರ್ಥ್ಯವನ್ನು ತೋರುತ್ತದೆ: ಉಂಗುರವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸರಿಸಿದಂತೆ ಆಕಾಶದ ಬಿಳುಪು ತೆಳುವಾಗಿ, ಮೊದಲು ವರನ ಪೇಟದ ಜರಿ, ಅನಂತರ ವಧುವಿನ ಹಣೆಯ ಕುಂಕುಮ, ಕಡೆಗೆ ಹಿಂದಿನ ಸೀಟಿನಲ್ಲಿ ಮಗುವನ್ನೆತ್ತಿಕೊಂಡು ಕುಳಿತ ಅತ್ತಿಗೆಯ ಮುಖವೂ ಪರದೆಯಲ್ಲಿ ಮೂಡಿಬರುತ್ತದೆ. ಇದೇ ಫಿಲ್ಟರನ್ನು ದಿಬ್ಬಣದವರು ಕುಳಿತ ಬಸ್ಸಿನ ಮುಂದೆ ಹಿಡಿದರೆ ಪ್ರಯೋಜನ ಅತ್ಯಲ್ಪ. ಏಕೆಂದರೆ ಬಸ್ಸಿನ ಮುಂಗಾಜು ಬಹುಮಟ್ಟಿಗೆ ನೆಟ್ಟಗೆ ನಿಂತಿರುವುದರಿಂದ ಎದುರು ನಿಂತ ಕ್ಯಾಮೆರಾಗೆ ಆ ಓರೆಯೇ ದೊರೆಯುವುದಿಲ್ಲ. ಕಾರಿಗೆ ಗೆದ್ದ ಫಿಲ್ಟರು ಬಸ್ಸಿಗೆ ಸೋತಿತೆಂದು ಅದನ್ನು ದೂಷಿಸುವವರುಂಟು. ದೋಷ ಗಾಜಿನ ನಿಲುವಿನದು.

ಪಕ್ಕದ ಕಿಟಕಿಯ ವಿಚಾರ ಬೇರೆ. ಮಗಳನ್ನು ಕಳಿಸಿಕೊಡುವ ಹೊತ್ತಿನಲ್ಲಿ ತೌರಿನವರೆಲ್ಲ ಕಾರಿನ ಮಗ್ಗುಲಿಗೆ ಮುತ್ತಿಕೊಂಡಿರುವಾಗ, ಏರಿಸಿದ ಗಾಜಿನಾಚೆ ಕಣ್ಣೊರೆಸಿಕೊಳ್ಳುತ್ತಿರುವ ಹುಡುಗಿಯ ಮುಖ ಬೇಕೆಂದರೆ, ಕಿಟಕಿಗೆ ಎದುರಾಗಿ ನಿಲ್ಲದೆ ಬಾನೆಟ್ಟಿನ ಕಡೆಗೋ ಡಿಕ್ಕಿಯ ಕಡೆಗೋ ಸರಿದು ಓರೆಯಾಗಿ ನೋಡಬೇಕು. ಆಗ ಮರಳುವ ಬೆಳಕಿನ ಕಂಪನ ಮೇಲಿಂದ ಕೆಳಕ್ಕಿರುವುದರಿಂದ, ಮುಂಗಾಜಿಗೆಂದು ಹೊಂದಿಸಿದ ಫಿಲ್ಟರನ್ನು ಕಾಲು ಸುತ್ತು ತಿರುಗಿಸದೆ ಕೆಲಸ ಸಾಗದು. ಅವಸರದಲ್ಲಿ ಇದನ್ನು ಮರೆತರೆ ಪ್ರತಿಬಿಂಬ ತಗ್ಗುವುದಕ್ಕೆ ಬದಲಾಗಿ ಇನ್ನಷ್ಟು ಎದ್ದು ಕಾಣುತ್ತದೆ. ಅಲ್ಲದೆ ಪಕ್ಕದ ಗಾಜನ್ನು ಕಾಸಿ ಹಠಾತ್ತನೆ ತಣಿಸಿ ಗಡುಸುಮಾಡಿರುವುದರಿಂದ, ಅದರೊಳಗೆ ಉಳಿದ ಬಿಗುವು ಕೆಲವೊಮ್ಮೆ ಫಿಲ್ಟರಿನ ಮೂಲಕ ಮಸುಕಾದ ಚುಕ್ಕೆಗಳ ಸಾಲಾಗಿ ಮೂಡುವುದೂ ಉಂಟು. ಅಂಥಲ್ಲಿ ಗಾಜನ್ನು ಇಳಿಸಿರೆಂದು ಕೇಳಿಕೊಳ್ಳುವುದೇ ಜಾಣತನ.

ಮನೆಯೊಳಗಣ ಕಷ್ಟ ಚೌಕಟ್ಟು ಹಾಕಿದ ಪಟಗಳದು. ಈ ಸೀಮೆಯ ಪಡಸಾಲೆಗಳಲ್ಲಿ ಅಥಣಿಯ ಮುರುಘೇಂದ್ರ ಶಿವಯೋಗಿಗಳ ಭಾವಚಿತ್ರ, ವಿಜಯಪುರದ ಸಿದ್ಧೇಶ್ವರ ಸ್ವಾಮಿಗಳ ಭಾವಚಿತ್ರ, ಅವುಗಳ ಪಕ್ಕದಲ್ಲಿ ಮನೆಯ ಹಿರಿಯರ ಹಳೆಯ ಫೋಟೋ ತೂಗುಬಿದ್ದಿರುವುದು ವಾಡಿಕೆ. ಗೃಹಪ್ರವೇಶದ ವಿಡಿಯೋದಲ್ಲಿ ಅವು ಬರಲೇಬೇಕು. ಪಟಕ್ಕೆ ನೇರವಾಗಿ ನಿಂತರೆ ಫಿಲ್ಟರಿನಿಂದ ಎಳ್ಳಷ್ಟೂ ಉಪಯೋಗವಿಲ್ಲ, ಏಕೆಂದರೆ ನೇರವಾಗಿ ಚಿಮ್ಮಿದ ಬೆಳಕಿಗೆ ಪಾರ್ಶ್ವಭೇದವೇ ಇರುವುದಿಲ್ಲ. ಪೂರ್ತಿ 56 ಡಿಗ್ರಿಗೆ ಸರಿದರೆ ಪ್ರತಿಬಿಂಬವೇನೋ ಹೋಗುತ್ತದೆ, ಆದರೆ ಪಟ ಒಂದು ಕಡೆ ಕುಗ್ಗಿ ಸ್ವಾಮಿಗಳ ಮುಖವೇ ಸೊಟ್ಟಗಾಗುತ್ತದೆ. ಇವೆರಡರ ನಡುವೆ 40 ಡಿಗ್ರಿಯಷ್ಟರಲ್ಲಿ ನಿಂತರೆ ಪ್ರತಿಬಿಂಬ ಮೂರರಲ್ಲೊಂದಂಶಕ್ಕೆ ಇಳಿಯುತ್ತದೆ; ಬಹಳ ಸಂದರ್ಭಗಳಲ್ಲಿ ಅಷ್ಟು ಸಾಕು. ಪಟ ನೆಟ್ಟಗೆಯೇ ಬರಬೇಕೆಂಬ ಹಠವಿದ್ದರೆ ಫಿಲ್ಟರನ್ನು ಕಳಚಿಟ್ಟು, ಮನೆಯಲ್ಲಿ ದೊರೆಯುವ ಕರಿಯ ಕಂಬಳಿಯನ್ನು ಕ್ಯಾಮೆರಾದ ಹಿಂದೆ ಇಬ್ಬರು ಅಗಲವಾಗಿ ಹಿಡಿದುಕೊಂಡು ನಿಲ್ಲಬೇಕು. ಗಾಜಿಗೆ ಹಿಂದಿರುಗಿಸಲು ಬೆಳಕೇ ಇಲ್ಲದಿದ್ದ ಮೇಲೆ ಪ್ರತಿಬಿಂಬವೆಲ್ಲಿಯದು? ಸಾವಿರಾರು ರೂಪಾಯಿಯ ಸಾಮಗ್ರಿ ಸೋತ ಜಾಗದಲ್ಲಿ ಕುರಿಯುಣ್ಣೆಯ ಕಂಬಳಿ ಗೆಲ್ಲುವುದು ನನಗಂತೂ ಬಹು ಪ್ರಿಯವಾದ ಸಂಗತಿ.

ವಿಜಯಪುರದ ಗೋಲಗುಮ್ಮಟದ ಮುಂದಿನ ನಗಾರಖಾನೆಯಲ್ಲಿ 1892ರಲ್ಲಿ ಸ್ಥಾಪಿತವಾದ ವಸ್ತುಸಂಗ್ರಹಾಲಯವುಂಟಷ್ಟೆ. ಅಲ್ಲಿಯ ಗಾಜಿನ ಕಪಾಟುಗಳೊಳಗಣ ಹಸ್ತಪ್ರತಿಗಳನ್ನೂ ಆಯುಧಗಳನ್ನೂ ಅನುಮತಿ ಪಡೆದು ಚಿತ್ರಿಸಹೊರಟವನಿಗೂ ಇದೇ ಪಾಠ. ಒಂದು ಮಾತು ಹೆಚ್ಚಿನದು: ಗಾಜಿನ ಹೊಳಪು ಅಡಗಿದರೂ ಖಡ್ಗದ ಅಲಗಿನ ಹೊಳಪು ಅಡಗದು, ಏಕೆಂದರೆ ಲೋಹದಿಂದ ಚಿಮ್ಮಿದ ಬೆಳಕು ಈ ನಿಯಮಕ್ಕೆ ಹಾಗೆ ಪೂರ್ತಿಯಾಗಿ ತಲೆಬಾಗುವುದಿಲ್ಲ.

ಮೇಲ್ಮೈಯ ಹೊಳಪನ್ನು ತೊಲಗಿಸಿ ಒಳಗಣದನ್ನು ನೋಡುವ ಈ ಉಪಾಯದಿಂದ ದೊಡ್ಡದೊಂದು ಸತ್ಯವನ್ನೇ ಹೊರತೆಗೆದವರು, ಮುಂದೆ ಬೆಂಗಳೂರನ್ನು ತಮ್ಮ ಊರಾಗಿಸಿಕೊಂಡ ಚಂದ್ರಶೇಖರ ವೆಂಕಟರಾಮನ್. 1921ರಲ್ಲಿ ಇಂಗ್ಲೆಂಡಿನಿಂದ ನರ್ಕುಂಡ ಎಂಬ ಹಡಗಿನಲ್ಲಿ ಮರಳುತ್ತಿದ್ದಾಗ, ಸಮುದ್ರದ ನೀಲಿ ಆಕಾಶದ ಪ್ರತಿಬಿಂಬ ಮಾತ್ರವೆಂದು ಪಂಡಿತರು ನಂಬಿದ್ದುದನ್ನು ಪರೀಕ್ಷಿಸಬಯಸಿ, ಆ ಕಾಲದ ಪೋಲರೈಸರಾದ ನಿಕಲ್ ಪ್ರಿಸಮ್ಮನ್ನು ಕಣ್ಣಿಗೆ ಹಿಡಿದು, ನೀರಿಗೆ ಸಲ್ಲುವ ಸುಮಾರು 53 ಡಿಗ್ರಿಯ ಕೋನದಲ್ಲಿ ಕಡಲನ್ನು ದಿಟ್ಟಿಸಿದರು. ಆಕಾಶದ ಪ್ರತಿಬಿಂಬ ನಂದಿದರೂ ನೀಲಿ ಮಾಸಲಿಲ್ಲ, ಮತ್ತಷ್ಟು ಗಾಢವಾಯಿತು. ನೀಲಿ ನೀರಿನದೇ ಎಂದು, ಹಡಗು ಮುಂಬಯಿ ಬಂದರನ್ನು ಸೇರಿದಾಗಲೇ 'ನೇಚರ್' ಪತ್ರಿಕೆಗೆ ಬರೆದು ಕಳುಹಿಸಿದರು. ಬೆಳಕಿನ ಚದರಿಕೆಯ ಮೇಲಣ ಅವರ ಮುಂದಿನ ವ್ಯಾಸಂಗ 1928ರ ರಾಮನ್ ಪರಿಣಾಮದವರೆಗೂ 1930ರ ನೊಬೆಲ್ ಬಹುಮಾನದವರೆಗೂ ನಡೆದುಕೊಂಡು ಹೋದ ಕಥೆ ಸರ್ವವಿದಿತ.

ನಿಕಲ್ ಪ್ರಿಸಮ್ಮು ದುಬಾರಿ, ಕಿರಿದು. ಕ್ಯಾಮೆರಾದ ಅಗಲವಾದ ಲೆನ್ಸಿಗೆ ಅದು ಒಗ್ಗದು. ತೆಳುವಾದ ಹಾಳೆಯ ಮೇಲೆಯೇ ಈ ಗುಣವನ್ನು ತಂದವನು ಅಮೆರಿಕದ ಎಡ್ವಿನ್ ಲ್ಯಾಂಡ್. ಪೋಲರಾಯ್ಡ್ ಕಂಪನಿ ಅವನದೇ. ಮುಂದೆ ಕ್ಯಾಮೆರಾಗಳೊಳಗೆ ಅರೆಪಾರದರ್ಶಕ ಕನ್ನಡಿಗಳು ಬಂದಾಗ, ಏಕಪಾರ್ಶ್ವದ ಬೆಳಕು ಅವುಗಳ ಫೋಕಸ್ಸಿನ ವ್ಯವಸ್ಥೆಯನ್ನೂ ಬೆಳಕಿನ ಅಳತೆಯನ್ನೂ ಕೆಡಿಸತೊಡಗಿತು. ಹೀಗಾಗಿ ಪೋಲರೈಸರಿನ ಬೆನ್ನಿಗೆ, ಆ ಬೆಳಕನ್ನು ಸುರುಳಿಯಾಗಿ ತಿರುಚಿ ಒಳಕ್ಕೆ ಕಳಿಸುವ ಇನ್ನೊಂದು ಪದರವನ್ನು ಅಂಟಿಸಬೇಕಾಯಿತು. ಸಿಪಿಎಲ್‌ನ 'ಸಿ', ಎಂದರೆ 'ಸರ್ಕ್ಯುಲರ್', ಬಂದದ್ದು ಹೀಗೆ. ಈ ಪದರದ ಕುಂದೆಂದರೆ ಅದು ಒಂದು ಬಣ್ಣಕ್ಕೆ ಸರಿಹೊಂದಿದರೆ ಇನ್ನೊಂದಕ್ಕೆ ಕೊಂಚ ತಪ್ಪುವುದು. ರಾಮನ್ನರು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂಶೋಧನ ಸಂಸ್ಥೆಯಲ್ಲಿ, ಅವರ ಸೋದರಿಯ ಮಗನಾದ ಎಸ್. ಪಂಚರತ್ನಂ ಎಂಬ ತರುಣರು, ಒಂದೇ ಪದಾರ್ಥದ ಮೂರು ಫಲಕಗಳನ್ನು ತಕ್ಕ ಕೋನಗಳಲ್ಲಿ ಜೋಡಿಸಿ ಈ ವರ್ಣದೋಷವನ್ನು ಬಹುಮಟ್ಟಿಗೆ ನೀಗುವ ಬಗೆಯನ್ನು 1955ರಲ್ಲಿ ಪ್ರಕಟಿಸಿದರು. ಆಗ ಅವರ ವಯಸ್ಸು 21. 1969ರಲ್ಲಿ ಆಕ್ಸ್‌ಫರ್ಡಿನಲ್ಲಿ ಅವರು ಅಕಾಲದಲ್ಲಿ ತೀರಿಕೊಂಡರು. ಅವರ ಹೆಸರು ವಿಜ್ಞಾನಿಗಳಲ್ಲಿ ಬಳಕೆಯಲ್ಲಿರುವಷ್ಟು ಕನ್ನಡನಾಡಿನ ಛಾಯಾಗ್ರಾಹಕರಲ್ಲಿ ಇಲ್ಲದಿರುವುದು ವಿಷಾದಕರ.

ಫಿಲ್ಟರಿಗೆ ತೆರಬೇಕಾದ ಬೆಲೆ ಹಣದಲ್ಲಿ ಮಾತ್ರವಿಲ್ಲ. ಅದು ಒಂದೂವರೆಯಿಂದ ಎರಡು ಸ್ಟಾಪ್‌ಗಳಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿದಂತೆ) ಬೆಳಕನ್ನು ನುಂಗುವುದರಿಂದ, ಮಂದಬೆಳಕಿನ ಕೋಣೆಯಲ್ಲಿ ಚಿತ್ರ ಕಾಳುಕಾಳಾಗುತ್ತದೆ. ಸ್ಥಿರಚಿತ್ರದವನಿಗಿಲ್ಲದ ಇನ್ನೊಂದು ತೊಡಕು ವಿಡಿಯೋದವನಿಗುಂಟು: ಗಾಜಿನ ಕಪಾಟುಗಳ ಸಾಲಿನುದ್ದಕ್ಕೂ ಕ್ಯಾಮೆರಾವನ್ನು ಹೊರಳಿಸುತ್ತ ಹೋದರೆ ಕೋನ ಬದಲಾಗುತ್ತ, ಅಳಿಸಿಹೋಗಿದ್ದ ಪ್ರತಿಬಿಂಬ ಮತ್ತೆ ತೆವಳಿಕೊಂಡು ಬರುತ್ತದೆ. ಹೊರಳಿಸುವುದನ್ನು ಬಿಟ್ಟು, ಗಾಜಿಗೆ ಸಮಾಂತರವಾಗಿ ಒಂದೇ ಓರೆಯಲ್ಲಿ ಅಡಿಯಿಡುತ್ತ ಸಾಗುವುದೊಂದೇ ದಾರಿ.

ಕೊಳ್ಳುವಾಗಿನ ಪರೀಕ್ಷೆ ಸುಲಭ. ಅಂಗಡಿಯಲ್ಲಿಯೇ ಮೊಬೈಲ್ ಪರದೆಯನ್ನು ಬಿಳಿಯಾಗಿ ಬೆಳಗಿಸಿ, ಫಿಲ್ಟರಿನ ಹೊರಮೈಯನ್ನು ಅದರತ್ತ ಹಿಡಿದು ತಿರುಗಿಸಿದರೆ, ಬಹುತೇಕ ಪರದೆಗಳ ಬೆಳಕು ಏಕಪಾರ್ಶ್ವದ್ದೇ ಆದುದರಿಂದ ಒಂದೆಡೆ ಅದು ಕಪ್ಪಾಗಬೇಕು. ಆಮೇಲೆ ಫಿಲ್ಟರನ್ನು ಮಗುಚಿ, ಲೆನ್ಸಿಗೆ ತಿರುಪುವ ಬದಿಯನ್ನು ಪರದೆಯತ್ತ ಮಾಡಿ ತಿರುಗಿಸಬೇಕು. ಆಗಲೂ ಕಪ್ಪಾದರೆ ಅದು ಹಳೆಯ ಬಗೆಯ ಸಾದಾ ಪೋಲರೈಸರು. ಕಪ್ಪಾಗದೆ ಹಳದಿಗೂ ನೀಲಿಗೂ ಕಿಂಚಿತ್ತು ವಾಲಾಡಿದರೆ ಅದು ಸಿಪಿಎಲ್. ಆ ವಾಲಾಟವೇ ಪಂಚರತ್ನಂ ಅವರು ನೀಗಲು ಹೊರಟ ದೋಷ. ಅದು ಕಡಿಮೆಯಿದ್ದಷ್ಟೂ ಸರಕು ಉತ್ತಮವೆಂದು ತಿಳಿದು ಚೌಕಾಸಿಗೆ ಇಳಿಯಬಹುದು.