ಓಡಲಾರದವರ ಓಟ

ಕನ್ನಡದಲ್ಲಿ ‘ಕುಕ್ಕುಲೋಟ’ ಎಂಬ ಮಾತೊಂದಿದೆ. ಕುದುರೆ ನಡಿಗೆಯನ್ನು ಬಿಟ್ಟು ನಾಗಾಲೋಟವನ್ನು ಹಿಡಿಯುವುದಕ್ಕೆ ಮುಂಚೆ, ಎರಡರ ನಡುವೆ, ಮೈಯನ್ನು ಸ್ವಲ್ಪ ಕುಲುಕಿಸುತ್ತ ಸಾಗುವ ಸಣ್ಣ ಓಟಕ್ಕೆ ಆ ಹೆಸರು. ಇಂಗ್ಲಿಷಿನ ‘ಜಾಗ್’ ಎಂಬ ಪದದ ಹಳೆಯ ಅರ್ಥವೂ ಹೆಚ್ಚುಕಡಿಮೆ ಇದೇ. ಬೆಳಗಿನ ಹೊತ್ತು ಪಟ್ಟಣದ ಉದ್ಯಾನಗಳಲ್ಲಿ ಕಾಣುವ ಜಾಗಿಂಗನ್ನು ಹೊರಗಿನಿಂದ ಬಂದ ಸರಕೆಂದು ಮೂಗು ಮುರಿಯುವವರು ಈ ಪದವನ್ನೊಮ್ಮೆ ನೆನೆಯಬಹುದು. ಹೆಸರು ನಮ್ಮಲ್ಲಿತ್ತು, ಮನುಷ್ಯರೂ ಹಾಗೆ ಓಡಬಹುದೆಂಬ ಕಲ್ಪನೆ ಮಾತ್ರ ಇರಲಿಲ್ಲ. ಮಕ್ಕಳು ಓಡುತ್ತಾರೆ. ಕಳ್ಳ ಓಡುತ್ತಾನೆ, ಅವನ ಹಿಂದೆ ಪೋಲೀಸಿನವನು ಓಡುತ್ತಾನೆ. ಬಸ್ಸು ತಪ್ಪೀತೆಂದು ಗುಮಾಸ್ತ ಓಡುತ್ತಾನೆ. ಆದರೆ ಐವತ್ತರ ಸಮೀಪದ, ಹೊಟ್ಟೆ ಬಂದ ಗೃಹಸ್ಥನೊಬ್ಬ ಯಾವ ಅವಸರವೂ ಇಲ್ಲದೆ, ಯಾರೂ ಅಟ್ಟಿಸಿಕೊಂಡು ಬಾರದೆ ಓಡುವುದೆಂದರೆ? ಎರಡು ತಲೆಮಾರುಗಳ ಹಿಂದೆ ಅದು ನಮ್ಮಲ್ಲಷ್ಟೇ ಅಲ್ಲ, ಪಶ್ಚಿಮದ ನಗರಗಳಲ್ಲೂ ನಗೆಪಾಟಲಿನ ಸಂಗತಿಯಾಗಿತ್ತು. ಅದು ಹೇಗೆ ಬದಲಾಯಿತು, ಅಭ್ಯಾಸವಿಲ್ಲದ ದೇಹ ಓಡಲು ಹೊರಟಾಗ ಒಳಗೆ ಏನು ನಡೆಯುತ್ತದೆ ಎಂಬುದೇ ಈ ಮಾತಿನ ವಿಷಯ.

ಕಥೆ ಮೊದಲಾಗುವುದು ನ್ಯೂಜಿಲೆಂಡಿನ ಆಕ್‌ಲೆಂಡ್ ನಗರದಲ್ಲಿ. ಅಲ್ಲಿ ಆರ್ಥರ್ ಲಿಡಿಯರ್ಡ್ ಎಂಬಾತ ಪಾದರಕ್ಷೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. 1917ರಲ್ಲಿ ಹುಟ್ಟಿದವನು, ರಗ್ಬಿ ಆಡುತ್ತಿದ್ದವನು, ತಾನು ಗಟ್ಟಿಮುಟ್ಟಾಗಿದ್ದೇನೆಂದು ನಂಬಿದ್ದವನು. 1945ರ ಸುಮಾರಿನಲ್ಲಿ ಜ್ಯಾಕ್ ಡೋಲನ್ ಎಂಬ ಗೆಳೆಯ ಆತನನ್ನು ಐದು ಮೈಲಿಗಳ ಓಟಕ್ಕೆ ಕರೆದೊಯ್ದ. ಲಿಡಿಯರ್ಡನ ಎದೆ ನಗಾರಿಯಾಯಿತು, ಕಾಲುಗಳು ಸೋತವು. ಇಪ್ಪತ್ತೇಳಕ್ಕೇ ಈ ಸ್ಥಿತಿಯಾದರೆ ನಲವತ್ತೇಳಕ್ಕೆ ತನ್ನ ಗತಿ ಏನೆಂಬ ಯೋಚನೆ ಆತನನ್ನು ಬಿಡಲಿಲ್ಲ. ಗುರುವಿಲ್ಲ, ಪ್ರಯೋಗಶಾಲೆಯಿಲ್ಲ, ತನ್ನ ದೇಹವನ್ನೇ ಪ್ರಯೋಗಕ್ಕೊಡ್ಡಿದ. ಹೆಚ್ಚು ಓಡಿ ನೋಡಿದ, ಕಡಿಮೆ ಓಡಿ ನೋಡಿದ, ವೇಗವಾಗಿ ಓಡಿ ನೋಡಿದ, ನಿಧಾನವಾಗಿ ಓಡಿ ನೋಡಿದ. ವರ್ಷಗಳ ಮೇಲೆ ಆತನಿಗೆ ಸಿಕ್ಕ ಉತ್ತರ ಬಹು ಸರಳವಾದದ್ದು: ದೇಹವನ್ನು ಕಟ್ಟುವುದು ನಿಧಾನವಾದ, ದೀರ್ಘವಾದ ಓಟ, ವೇಗವೆಂಬುದು ಆ ತಳಪಾಯದ ಮೇಲೆ ಕೊನೆಯಲ್ಲಿ ಇಡುವ ಕಳಶ. ಪಳಗಬೇಕು, ಬಳಲಬಾರದು ಎಂಬುದು ಆತನ ಬೋಧನೆಯ ತಿರುಳು. 1953ರಲ್ಲಿಯೂ 1955ರಲ್ಲಿಯೂ ಆತ ತನ್ನ ದೇಶದ ಮ್ಯಾರಥಾನ್ ಪ್ರಶಸ್ತಿಯನ್ನು ಗೆದ್ದ.

ಆತನ ಬಳಿ ತರಬೇತಿಗೆ ಬಂದವರಲ್ಲಿ ಪೀಟರ್ ಸ್ನೆಲ್, ಮರೆ ಹ್ಯಾಲ್‌ಬರ್ಗ್ ಎಂಬ ತರುಣರಿದ್ದರು. ಹ್ಯಾಲ್‌ಬರ್ಗನ ಎಡಗೈ ರಗ್ಬಿಯ ಪೆಟ್ಟಿನಿಂದ ಸೊರಗಿಹೋಗಿತ್ತು. 1960ರ ಸೆಪ್ಟೆಂಬರ್ 2ರಂದು ರೋಮ್ ಒಲಿಂಪಿಕ್ಸಿನಲ್ಲಿ ಸ್ನೆಲ್ 800 ಮೀಟರನ್ನೂ ಹ್ಯಾಲ್‌ಬರ್ಗ್ 5000 ಮೀಟರನ್ನೂ ಒಂದೇ ಮಧ್ಯಾಹ್ನ ಗೆದ್ದರು. ಅದೇ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಆತನ ಮತ್ತೊಬ್ಬ ಶಿಷ್ಯ ಬ್ಯಾರಿ ಮೆಗೀ ಮೂರನೆಯವನಾದ. ಚಿನ್ನದ ಪದಕಗಳಿಗೆ ಸಲ್ಲಬೇಕಾದ ಕೀರ್ತಿ ಸಂದಿತು. ಆದರೆ ನನ್ನ ದೃಷ್ಟಿಯಲ್ಲಿ ಲಿಡಿಯರ್ಡ್ ಮಾಡಿದ ದೊಡ್ಡ ಕೆಲಸ ಅದಲ್ಲ.

ಆ ಕೆಲಸದ ಹಿರಿಮೆ ತಿಳಿಯಬೇಕಾದರೆ ಆ ಕಾಲದ ವೈದ್ಯಶಾಸ್ತ್ರದತ್ತ ಒಂದು ನೋಟ ಬೀರಬೇಕು. ಹೃದಯಾಘಾತವಾದವನು ವಾರಗಟ್ಟಲೆ ಅಲುಗಾಡದೆ ಮಲಗಿರಬೇಕು ಎಂಬುದು ಆಗಿನ ನಿಯಮ. ಪೆಟ್ಟು ತಿಂದ ಹೃದಯಕ್ಕೆ ಕೆಲಸ ಕೊಟ್ಟರೆ ಅದು ಒಡೆದೀತು ಎಂಬ ಭಯ. 1952ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಲೆವೈನ್ ಮತ್ತು ಬರ್ನಾರ್ಡ್ ಲೌನ್ ಎಂಬ ವೈದ್ಯರು ಅಂಥ ರೋಗಿಯನ್ನು ಕುರ್ಚಿಯಲ್ಲಿ ಕೂರಿಸಬಹುದೆಂದು ಬರೆದರು. ಕೇವಲ ಕೂರಿಸುವ ಆ ಮಾತೂ ಸಾಹಸವೆಂದು ಕಂಡ ಕಾಲ ಅದು. ಮರುವರ್ಷ ಲಂಡನ್ನಿನ ಜೆರಿ ಮಾರಿಸ್ ಎಂಬ ವೈದ್ಯ ಅಲ್ಲಿನ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯನ್ನು ಕುರಿತು ತನ್ನ ಶೋಧವನ್ನು ಪ್ರಕಟಿಸಿದ. ದಿನವಿಡೀ ಕುಳಿತೇ ಇರುವ ಡ್ರೈವರುಗಳಿಗಿಂತ, ಚೀಟಿ ಹರಿಯುತ್ತ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆ ಎಂಬುದು ಆ ಶೋಧ. ಊರು ಅದೇ, ಬಸ್ಸು ಅದೇ. ಒಬ್ಬ ಕೂತವನು, ಒಬ್ಬ ನಡೆದವನು. (ಈ ಮಾರಿಸ್ ಮಹಾಶಯ 2009ರಲ್ಲಿ ತೀರಿಕೊಂಡಾಗ ಆತನಿಗೆ ತೊಂಬತ್ತೊಂಬತ್ತು ವರ್ಷ.) ಆದರೂ, ಹೃದಯದ ರೋಗಿ ಓಡಬಹುದೆಂದು ಹೇಳುವ ಎದೆಗಾರಿಕೆ ಸುಲಭವಾಗಿ ಯಾರಿಗೂ ಬರುವಂತಿರಲಿಲ್ಲ.

ರೋಮಿನಿಂದ ಮರಳಿದ ಲಿಡಿಯರ್ಡನ ಭಾಷಣಗಳನ್ನು ಕೇಳಿದವರಲ್ಲಿ ನಡುವಯಸ್ಸಿನ ವ್ಯಾಪಾರಸ್ಥರಿದ್ದರು. ಹೃದಯಾಘಾತದಿಂದ ಚೇತರಿಸಿಕೊಂಡು, ಇನ್ನು ತಮ್ಮ ಬಾಳು ಆರಾಮಕುರ್ಚಿಯಲ್ಲೇ ಎಂದು ಕೈಚೆಲ್ಲಿದ್ದವರೂ ಇದ್ದರು. ಲಿಡಿಯರ್ಡ್ ಅವರನ್ನು ಕಡಲ ದಂಡೆಯ ದಾರಿಯಲ್ಲಿ ಕರೆದೊಯ್ದ. ಮೊದಲು ನಡಿಗೆ, ಆಮೇಲೆ ಒಂದು ದೀಪದ ಕಂಬದಿಂದ ಇನ್ನೊಂದಕ್ಕೆ ಎನ್ನುವಷ್ಟು ಓಟ, ಮತ್ತೆ ನಡಿಗೆ. ಪಕ್ಕದವನೊಡನೆ ಮಾತನಾಡಲು ಆಗದಷ್ಟು ಉಸಿರು ಸಿಕ್ಕಿಕೊಂಡರೆ ನಿಧಾನಿಸಬೇಕು. ತಿಂಗಳುಗಳು ಕಳೆದಂತೆ, ಮೆಟ್ಟಿಲು ಹತ್ತಲು ಅಂಜುತ್ತಿದ್ದವರು ಮೈಲಿಗಟ್ಟಲೆ ಓಡತೊಡಗಿದರು. 1962ರಲ್ಲಿ ‘ಆಕ್‌ಲೆಂಡ್ ಜಾಗರ್ಸ್ ಕ್ಲಬ್’ ಹುಟ್ಟಿಕೊಂಡಿತು. ಅಲ್ಲಿ ಪದಕವಿಲ್ಲ, ಪಂದ್ಯವಿಲ್ಲ.

ಅದೇ ವರ್ಷದ ಕೊನೆಯಲ್ಲಿ ಅಮೆರಿಕದ ಓರೆಗಾನ್ ವಿಶ್ವವಿದ್ಯಾಲಯದ ಓಟದ ತರಬೇತುದಾರ ಬಿಲ್ ಬೋವರ್ಮನ್ ಆಕ್‌ಲೆಂಡಿಗೆ ಬಂದ. ಐವತ್ತು ದಾಟಿದ ಆತ ಓಟದ ಶಾಸ್ತ್ರವನ್ನು ಅರೆದು ಕುಡಿದವನು. ಸ್ವತಃ ಓಡದೆ ಬಹುಕಾಲವಾಗಿತ್ತು. ಒಂದು ಭಾನುವಾರ ಲಿಡಿಯರ್ಡ್ ಆತನನ್ನು ಕ್ಲಬ್ಬಿನವರ ಜೊತೆ ಕಳಿಸಿದ. ಅರ್ಧ ಮೈಲಿ ಕಳೆಯುವುದರೊಳಗೆ ಬೋವರ್ಮನ್ ಹಿಂದೆ ಬಿದ್ದ. ಆತನ ದುರವಸ್ಥೆಯನ್ನು ಕಂಡು, ಮುಂದೆ ಹೋಗುತ್ತಿದ್ದ ವೃದ್ಧರೊಬ್ಬರು ಕನಿಕರದಿಂದ ಜೊತೆಗೆ ನಿಂತರು. ಅವರಿಗೆ ಎಪ್ಪತ್ತು ಮೀರಿತ್ತು, ಹಿಂದೆ ಹೃದಯಾಘಾತವೂ ಆಗಿತ್ತು. ದಾರಿಯುದ್ದಕ್ಕೂ ಅವರು ಮಾತನಾಡುತ್ತ ಬಂದರಂತೆ. ಉತ್ತರ ಕೊಡಲು ಬೋವರ್ಮನ್ನನಿಗೆ ಉಸಿರಿರಲಿಲ್ಲ. ಆತ ಊರಿಗೆ ಹಿಂದಿರುಗಿದವನೇ ಸಾಮಾನ್ಯ ಜನರನ್ನು ಮೈದಾನಕ್ಕೆ ಕರೆದು ನಿಧಾನದ ಓಟವನ್ನು ಕಲಿಸತೊಡಗಿದ. ಹೃದ್ರೋಗ ತಜ್ಞ ಡಬ್ಲ್ಯು. ಇ. ಹ್ಯಾರಿಸ್ ಎಂಬಾತನ ಜೊತೆಗೂಡಿ 1967ರಲ್ಲಿ ‘ಜಾಗಿಂಗ್’ ಎಂಬ ಹೆಸರಿನ ಪುಸ್ತಕವನ್ನು ಪ್ರಕಟಿಸಿದ. ಮರುವರ್ಷ ಕೆನೆತ್ ಕೂಪರನ ‘ಏರೋಬಿಕ್ಸ್’ ಬಂತು. ಅಲ್ಲಿಂದ ಮುಂದಿನದು ಎಲ್ಲರೂ ಬಲ್ಲ ಸಂಗತಿ.

ಇನ್ನು ದೇಹದ ಒಳಗಿನ ಮಾತು. ಮೊದಲ ದಿನ ಓಡಿದವನು ನಿಮಿಷದೊಳಗೆ ನಿಂತು ಏದುಸಿರು ಬಿಡುತ್ತ, ತನ್ನ ಶ್ವಾಸಕೋಶ ಸಾಲದು ಎಂದುಕೊಳ್ಳುತ್ತಾನೆ. ಪಾಪ, ಶ್ವಾಸಕೋಶದ ಮೇಲೆ ಈ ಆರೋಪ ಸಲ್ಲದು. ಆರೋಗ್ಯವಂತನಲ್ಲಿ ಅಂಥ ಏದುಸಿರಿನ ಹೊತ್ತಿನಲ್ಲೂ ಶ್ವಾಸಕೋಶದಿಂದ ಹೊರಡುವ ರಕ್ತದಲ್ಲಿ ಆಮ್ಲಜನಕ ಹೆಚ್ಚುಕಡಿಮೆ ತುಂಬಿಯೇ ಇರುತ್ತದೆ. ಉಸಿರನ್ನು ಅಟ್ಟುವುದು ಮುಖ್ಯವಾಗಿ ರಕ್ತದಲ್ಲಿ ಸೇರುವ ಇಂಗಾಲದ ಡೈಆಕ್ಸೈಡು, ಅದರೊಡನೆ ದುಡಿಯುವ ಸ್ನಾಯುಗಳ ಆಮ್ಲ. ಕೊರತೆ ಇರುವುದು ಹೃದಯದ ಸಾಗಣೆಯಲ್ಲಿ, ಸ್ನಾಯುಗಳ ಸ್ವೀಕಾರದಲ್ಲಿ. ವಿಶ್ರಾಂತಿಯಲ್ಲಿರುವ ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ನೂಕುತ್ತದೆ. ಅಭ್ಯಾಸವಿಲ್ಲದವನೂ ಪೂರ್ಣ ಶ್ರಮದಲ್ಲಿ ಅದನ್ನು 20 ಲೀಟರಿನವರೆಗೆ ಏರಿಸಬಲ್ಲ. ಆದರೆ ಅಲ್ಲಿಗೆ ಆತನ ಗಡಿ ಮುಗಿಯಿತು. ನಿಯಮದಿಂದ ಓಡತೊಡಗಿದರೆ ಒಂದೆರಡು ವಾರಗಳಲ್ಲಿಯೇ ರಕ್ತದ ದ್ರವಭಾಗ ಹೆಚ್ಚುತ್ತದೆ. ಹೃದಯ ಬಡಿತವೊಂದಕ್ಕೆ ಹೆಚ್ಚು ರಕ್ತವನ್ನು ನೂಕಲು ಕಲಿಯುತ್ತದೆ. ಒಂದೂವರೆ ಎರಡು ತಿಂಗಳಲ್ಲಿ ಸ್ನಾಯುಗಳೊಳಗೆ ಕೂದಲಿಗಿಂತ ಸಣ್ಣ ರಕ್ತನಾಳಗಳು ಹೊಸದಾಗಿ ಕವಲೊಡೆಯುತ್ತವೆ. ಆಮ್ಲಜನಕವನ್ನು ಉರಿಸಿ ಶಕ್ತಿಯನ್ನು ತೆಗೆಯುವ ಮೈಟೋಕಾಂಡ್ರಿಯಗಳು ಹೆಚ್ಚುತ್ತವೆ. ಮೊದಲ ದಿನ ಒಂದು ನಿಮಿಷಕ್ಕೆ ಸೋತವನು ಎರಡನೆಯ ತಿಂಗಳಲ್ಲಿ ಇಪ್ಪತ್ತು ನಿಮಿಷ ಓಡುವುದು ಪವಾಡವೇನಲ್ಲ.

ಅಪಾಯ ಇರುವುದೂ ಇಲ್ಲಿಯೇ. ಉಸಿರು ಬೇಗ ಪಳಗುತ್ತದೆ. ಮೂಳೆ, ಸ್ನಾಯುರಜ್ಜುಗಳು ಬೇಗ ಪಳಗುವುದಿಲ್ಲ. ಓಡುವಾಗ ಹೆಜ್ಜೆಹೆಜ್ಜೆಗೂ ಕಾಲಿನ ಮೇಲೆ ದೇಹದ ತೂಕದ ಎರಡು ಮೂರರಷ್ಟು ಭಾರ ಬೀಳುತ್ತದೆ. ಮೂಳೆ ಈ ಹೊಸ ಭಾರಕ್ಕೆ ಹೊಂದಿಕೊಳ್ಳುವ ಕ್ರಮ ವಿಚಿತ್ರವಾದದ್ದು: ಹಳೆಯ ಭಾಗವನ್ನು ಮೊದಲು ಕೆರೆದು ತೆಗೆಯುತ್ತದೆ, ಹೊಸದನ್ನು ಕಟ್ಟುವುದು ಆಮೇಲೆ. ಕೆರೆಯುವುದಕ್ಕೆ ಕೆಲವು ವಾರ, ಕಟ್ಟುವುದಕ್ಕೆ ತಿಂಗಳುಗಳು. ಹಳೆಯ ಹೆಂಚನ್ನು ಇಳಿಸಿ ಹೊಸದನ್ನು ಹೊದಿಸುವವರೆಗೆ ಮನೆ ಹೇಗೋ ಹಾಗೆ, ಈ ನಡುವಿನ ಅವಧಿಯಲ್ಲಿ ಮೂಳೆ ಮೊದಲಿಗಿಂತ ದುರ್ಬಲವಾಗಿರುತ್ತದೆ. ಸರಿಯಾಗಿ ಆಗಲೇ ಹೊಸಬನ ಉಸಿರು ಹಗುರವಾಗಿರುತ್ತದೆ, ಹುಮ್ಮಸ್ಸು ಏರಿರುತ್ತದೆ, ಓಟವನ್ನು ಇಮ್ಮಡಿಸುತ್ತಾನೆ. ಮೊಣಕಾಲಿನ ಕೆಳಗಿನ ಮೂಳೆ ನೋಯಲು ಹತ್ತುತ್ತದೆ. ಲಕ್ಷ್ಯವಿಡದಿದ್ದರೆ ಬಿರುಕೂ ಬಿಟ್ಟೀತು. ಓಟವನ್ನು ಕೈಬಿಟ್ಟವರಲ್ಲಿ ಸೋಮಾರಿಗಳಷ್ಟೇ ಉತ್ಸಾಹಿಗಳೂ ಇದ್ದಾರೆಂಬುದು ನನ್ನ ಅನುಮಾನ. ಮೊದಲ ಓಟದ ಮರುದಿನವೋ ಅದರ ಮರುದಿನವೋ ತೊಡೆ, ಮೀನಖಂಡಗಳು ಹಿಡಿದುಕೊಳ್ಳುವ ನೋವು ಬೇರೆ; ಅದು ಸ್ನಾಯುವಿನ ಎಳೆಗಳಲ್ಲಿ ಆದ ಸೂಕ್ಷ್ಮ ಗಾಯದ್ದು, ತಾನಾಗಿ ಮಾಯುತ್ತದೆ. ಮೂಳೆಯ ಮೇಲೆ ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದ ನೋವನ್ನು ಮಾತ್ರ ಕಡೆಗಣಿಸಬಾರದು.

ಹೃದಯದ ವಿಷಯದಲ್ಲಿಯೂ ಓಟಕ್ಕೆ ಇಲ್ಲದ ಮಹಿಮೆಯನ್ನು ಹೊರಿಸಬಾರದು. ಅಮೆರಿಕದ ಜಿಮ್ ಫಿಕ್ಸ್ ಮೂವತ್ತೈದರವರೆಗೆ ಸಿಗರೇಟು ಸೇದುತ್ತ, ಮೈ ಬೆಳೆಸಿಕೊಂಡಿದ್ದವನು. ತಂದೆ ನಲವತ್ಮೂರಕ್ಕೆ ಹೃದಯಾಘಾತದಿಂದ ತೀರಿಕೊಂಡಿದ್ದ. 1967ರಲ್ಲಿ ಓಟವನ್ನು ಹಿಡಿದು ಫಿಕ್ಸ್ ಬೇರೆಯೇ ಮನುಷ್ಯನಾದ. 1977ರಲ್ಲಿ ಓಟವನ್ನು ಕುರಿತು ಆತ ಬರೆದ ಪುಸ್ತಕ ಲಕ್ಷಗಟ್ಟಲೆ ಜನರನ್ನು ಬೀದಿಗಿಳಿಸಿತು. 1984ರ ಜುಲೈ 20ರಂದು, ಐವತ್ತೆರಡನೆಯ ವಯಸ್ಸಿನಲ್ಲಿ, ವರ್ಮಾಂಟ್ ಪ್ರಾಂತದ ರಸ್ತೆಯೊಂದರಲ್ಲಿ ಓಡುತ್ತಿದ್ದಾಗ ಆತ ಕುಸಿದುಬಿದ್ದು ಸತ್ತ. ಪರೀಕ್ಷಿಸಿ ನೋಡಿದರೆ ಹೃದಯದ ರಕ್ತನಾಳಗಳು ಕಟ್ಟಿಹೋಗಿದ್ದವು. ಓಡದವರಿಗೆ ಇದೊಂದು ದೊಡ್ಡ ಸಮಾಧಾನವಾಯಿತು! ತಂದೆಗಿಂತ ಒಂಬತ್ತು ವರ್ಷ ಹೆಚ್ಚು ಬಾಳಿದನೆಂಬುದನ್ನು ಅವರು ಲೆಕ್ಕಕ್ಕೆ ತರಲಿಲ್ಲ. ಓಟ ಆತನನ್ನು ಕೊಂದಿತೆನ್ನುವುದೂ ಉಳಿಸಿತೆನ್ನುವುದೂ ಅವಸರದ ತೀರ್ಪುಗಳೇ. ದಕ್ಷಿಣ ಏಷ್ಯದವರಾದ ನಮ್ಮಲ್ಲಿ ಮೊದಲ ಹೃದಯಾಘಾತ ಇತರರಿಗಿಂತ ಐದಾರು ವರ್ಷ ಮುಂಚೆಯೇ ಬರುತ್ತದೆಂದು 2004ರಲ್ಲಿ ಪ್ರಕಟವಾದ ಹಲವು ದೇಶಗಳ ಅಧ್ಯಯನವೊಂದು ತೋರಿಸಿತು. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆಯವರು, ರಕ್ತದೊತ್ತಡದವರು, ಧೂಮಪಾನಿಗಳು, ಮನೆತನದಲ್ಲಿ ಹೃದ್ರೋಗ ಇರುವವರು ಕ್ಯಾನ್ವಾಸ್ ಬೂಟು ಕೊಳ್ಳುವ ಮುನ್ನ ವೈದ್ಯರನ್ನು ಕಾಣಬೇಕು. ಓಡುವಾಗ ಎದೆ ಬಿಗಿದರೆ, ನೋವು ತೋಳಿಗೋ ದವಡೆಗೋ ಹರಿದರೆ, ತಲೆ ತಿರುಗಿದರೆ, ಅಲ್ಲಿಗೇ ನಿಲ್ಲಬೇಕು. ಅದು ಛಲ ತೋರಿಸುವ ಹೊತ್ತಲ್ಲ.

ಬೂಟಿನ ಮಾತು ಬಂತು. ರೋಮಿನ ಆ ಮ್ಯಾರಥಾನನ್ನು ಇಥಿಯೋಪಿಯದ ಅಬೆಬೆ ಬಿಕಿಲ ಬರಿಗಾಲಿನಲ್ಲಿ ಗೆದ್ದನೆಂಬುದನ್ನು ಉದಾಹರಿಸುವವರುಂಟು. ಬಿಕಿಲನ ಅಂಗಾಲು ಬಾಲ್ಯದಿಂದ ನೆಲವನ್ನು ತಿಳಿದದ್ದು. ಕಚೇರಿಯ ಮೇಜಿನ ಕೆಳಗೆ ಇಪ್ಪತ್ತು ವರ್ಷ ತಂಪಾಗಿದ್ದ ಅಂಗಾಲಲ್ಲ. ಕಾಲಿಗೆ ಹಿತವಾದ, ಬೆರಳುಗಳ ಮುಂದೆ ಸ್ವಲ್ಪ ಜಾಗವಿರುವ ಬೂಟು ಸಾಕು.

ನಾಚಿಕೆಯ ಮಾತು ಅಷ್ಟು ಸುಲಭವಾಗಿ ತೀರುವುದಲ್ಲ. ನಮ್ಮ ಊರುಗಳಲ್ಲಿ ಗಂಡಸು ಓಡಿದರೆ ಜನ ನಗುತ್ತಾರೆ. ಹೆಂಗಸು ಓಡಿದರೆ ನಿಂತು ನೋಡುತ್ತಾರೆ. ಹೆಂಗಸರ ಮ್ಯಾರಥಾನ್ ಒಲಿಂಪಿಕ್ಸನ್ನು ಸೇರಿದ್ದೇ 1984ರಲ್ಲಿ. ಆ ಮೊದಲ ಓಟದಲ್ಲಿ ಆರನೆಯವಳಾಗಿ ಬಂದ ಬ್ರಿಟನ್ನಿನ ಪ್ರಿಸಿಲ ವೆಲ್ಚ್, ಮೂವತ್ತು ದಾಟಿದ ಮೇಲೂ ಕೆಲಕಾಲ ಸಿಗರೇಟು ಸೇದಿಕೊಂಡು, ಓಟದ ಗಂಧವಿಲ್ಲದೆ ಇದ್ದವಳು. 1987ರಲ್ಲಿ, ನಲವತ್ತೆರಡನೆಯ ವಯಸ್ಸಿನಲ್ಲಿ, ಆಕೆ ನ್ಯೂಯಾರ್ಕ್ ಮ್ಯಾರಥಾನನ್ನು ಗೆದ್ದಳು. ಎಲ್ಲರೂ ವೆಲ್ಚ್ ಆಗಬೇಕಿಲ್ಲ. ಆದರೆ ಬೆಳಗಿನ ಕತ್ತಲೆಯಲ್ಲಿ ಒಬ್ಬಳೇ ಹೊರಡಲು ಹಿಂಜರಿಯುವವರು ನೆರೆಮನೆಯವರನ್ನು ಜೊತೆಗೆ ಕರೆದುಕೊಳ್ಳುವುದು ಮೇಲು. ಆಕ್‌ಲೆಂಡಿನವರೂ ಗುಂಪಾಗಿಯೇ ಓಡಿದರಲ್ಲವೆ?

ಕೊನೆಯದಾಗಿ ಕ್ರಮದ ವಿಚಾರ. 1996ರಲ್ಲಿ ಅಮೆರಿಕದ ಜಾಶ್ ಕ್ಲಾರ್ಕ್ ಎಂಬ ತರುಣ ಹೊಸಬರಿಗಾಗಿ ಒಂಬತ್ತು ವಾರಗಳ ಪಾಠವೊಂದನ್ನು ರೂಪಿಸಿದ. ಇಂದು ಲೋಕವೆಲ್ಲ ಅದನ್ನೇ ಅನುಸರಿಸುತ್ತಿದೆ. ವಾರಕ್ಕೆ ಮೂರು ದಿನ, ನಡುವೆ ಬಿಡುವು. ಮೊದಲ ವಾರ ಐದು ನಿಮಿಷ ಬಿರುಸಾದ ನಡಿಗೆ. ಆಮೇಲೆ ಅರುವತ್ತು ಸೆಕೆಂಡು ಓಟ, ತೊಂಬತ್ತು ಸೆಕೆಂಡು ನಡಿಗೆ. ಹೀಗೆ ಇಪ್ಪತ್ತು ನಿಮಿಷ. ವಾರ ವಾರಕ್ಕೆ ಓಟ ಬೆಳೆಯುತ್ತದೆ, ನಡಿಗೆ ಕರಗುತ್ತದೆ. ಕೊನೆಗೆ ಅರ್ಧ ಗಂಟೆಯ ಓಟ. ಒಂದು ವಾರದ ಪಾಠ ಕಠಿಣವೆನಿಸಿದರೆ ಅದನ್ನೇ ಮತ್ತೆ ಮಾಡಲು ಅಡ್ಡಿಯಿಲ್ಲ. ಒಂಬತ್ತು ವಾರ ಹದಿನಾಲ್ಕಾದರೆ ಮೂಳೆಗಳಿಗೆ ಇನ್ನೂ ಒಳ್ಳೆಯದು. ವೇಗದ ಅಳತೆಗೆ ಗಡಿಯಾರ ಬೇಡ. ಒಂದು ಪೂರ್ಣ ವಾಕ್ಯವನ್ನು ತಡೆಯಿಲ್ಲದೆ ಹೇಳಲು ಬಂದರೆ ವೇಗ ಸರಿಯಾಗಿದೆ, ಬಾರದಿದ್ದರೆ ಹೆಚ್ಚಾಗಿದೆ. ನಡೆಯುವವರು ನಿಮ್ಮನ್ನು ಹಿಂದೆ ಹಾಕಿ ಹೋದರೆ ಹೋಗಲಿ. ಹೊರಡುವ ಮೊದಲ ದಿನ, ಹಾಸಿಗೆಯಿಂದ ಏಳುವ ಮುನ್ನ ನಾಡಿ ಹಿಡಿದು, ನಿಮಿಷಕ್ಕೆ ಎಷ್ಟು ಬಡಿತವೆಂದು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡಿ. ಮೂರು ತಿಂಗಳಾದ ಮೇಲೆ ಅದೇ ಹೊತ್ತಿನಲ್ಲಿ ಮತ್ತೆ ಎಣಿಸಿ, ಆ ಅಂಕಿಯ ಪಕ್ಕದಲ್ಲಿ ಬರೆಯಿರಿ.